ಬೆಂಗಳೂರಿನ ಚಳಿಗಾಲವೂ ಛಾಯಾಚಿತ್ರ ಕಲೆಯೂ

ಛಾಯಾಚಿತ್ರ ಕಲೆಯೆಂದರೆ ದೂರದ ಊರುಗಳಿಗೆ ಹೋಗಿ ಬರುವವರ ಹವ್ಯಾಸವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಹಂಪೆಯ ಕಲ್ಲಿನ ರಥ, ಜೋಗದ ಜಲಪಾತ, ಬೇಲೂರಿನ ಶಿಲಾಬಾಲಿಕೆಯರು, ಇವು ಚಿತ್ರಕ್ಕೆ ತಕ್ಕ ವಸ್ತುಗಳು. ನಾವು ದಿನವೂ ಬಸ್ಸಿಗೆ ಕಾಯುವ ಬೀದಿಯಾಗಲಿ, ಹಾಲಿನ ಬೂತಾಗಲಿ, ಹೂವಾಡಗಿತ್ತಿಯ ಮಂಕರಿಯಾಗಲಿ ಅಲ್ಲ ಎಂದು ನಾವು ಯಾರೂ ಹೇಳಿಕೊಡದೆಯೇ ಕಲಿತುಬಿಟ್ಟಿದ್ದೇವೆ. ಕಾಲೇಜಿನ ಪ್ರವಾಸದ ದಿನ ಎಲ್ಲರ ಕೈಯಲ್ಲೂ ಫೋನು ಮೇಲೇಳುತ್ತದೆ. ಮರುದಿನ ತರಗತಿಗೆ ನಡೆದು ಬರುವಾಗ ಅದೇ ಫೋನು ಜೇಬಿನಲ್ಲಿ ಮಲಗಿರುತ್ತದೆ. ಇದು ಏಕೆ ಹೀಗೆ, ಹೀಗಿರುವುದರಿಂದ ನಮಗಾಗುವ ನಷ್ಟವೇನು, ಇದಕ್ಕೆ ಚಳಿಗಾಲವು ಹೇಗೆ ಒಳ್ಳೆಯ ಮದ್ದಾಗಬಲ್ಲದು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ನಾನು ಇತಿಹಾಸದ ವಿದ್ಯಾರ್ಥಿ. ಛಾಯಾಗ್ರಹಣವನ್ನು ಶಾಸ್ತ್ರೋಕ್ತವಾಗಿ ಕಲಿತವನಲ್ಲ. ಸೋದರಮಾವನವರು ಕೊಟ್ಟ ಒಂದು ಹಳೆಯ ಫಿಲಂ ಕ್ಯಾಮರಾ, ಎಲ್ಲರ ಬಳಿಯೂ ಇರುವಂಥ ಒಂದು ಫೋನು, ಇವೆರಡೇ ನನ್ನ ಸಾಮಗ್ರಿ. ಎರಡು ಚಳಿಗಾಲಗಳಲ್ಲಿ, ಕಾರ್ತಿಕದಿಂದ ಶಿವರಾತ್ರಿಯವರೆಗೆ, ವಾರಕ್ಕೆ ಮೂರು ದಿನದಂತೆ ಬೆಳಗ್ಗೆ ಬೆಂಗಳೂರಿನ ಹಳೆಯ ಬಡಾವಣೆಗಳನ್ನು ನಡೆದು ನೋಡಿದ್ದೇನೆ. ಈ ಲೇಖನಕ್ಕೆ ಆ ನಡಿಗೆಯೇ ಆಧಾರ.

ಮೊದಲು ಬೆಳಕಿನ ವಿಚಾರ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಏಪ್ರಿಲ್ 24ರ ಸುಮಾರಿಗೆ ನಡುಹಗಲಿನ ಸೂರ್ಯ ನೇರ ನಮ್ಮ ನೆತ್ತಿಯ ಮೇಲಿರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರುವುದಿಲ್ಲ. ಮನುಷ್ಯನ ಮುಖದ ಮೇಲೆ ಆ ಬಿಸಿಲು ಬಿದ್ದರೆ ಕಣ್ಣಿನ ಗುಳಿಗಳು ಕಪ್ಪಾಗಿ, ಮೂಗು ಮಾತ್ರ ಹೊಳೆಯುತ್ತದೆ. ಡಿಸೆಂಬರ್ 21ರ ಸುಮಾರಿಗಾದರೋ ಸೂರ್ಯ ದಕ್ಷಿಣಕ್ಕೆ ವಾಲಿ, ನಡುಹಗಲಿನಲ್ಲಿಯೂ ದಿಗಂತದಿಂದ ಸುಮಾರು 54 ಡಿಗ್ರಿಗಿಂತ ಮೇಲೇರುವುದಿಲ್ಲ. ಹತ್ತು ಅಡಿಯ ಕಂಬಕ್ಕೆ ಮಧ್ಯಾಹ್ನವೇ ಏಳು ಅಡಿಗೂ ಮೀರಿದ ನೆರಳು ಬೀಳುತ್ತದೆ. ಬೆಳಗ್ಗೆ ಅವನು ಹುಟ್ಟುವುದೂ ನೇರ ಪೂರ್ವದಲ್ಲಲ್ಲ. ಪೂರ್ವಕ್ಕೆ 24 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಇದರ ಫಲವೇನೆಂದರೆ, ದಕ್ಷಿಣಕ್ಕೆ ಮುಖಮಾಡಿದ ಮನೆಯ ಜಗುಲಿ, ಕಿಟಕಿ, ಗೋಡೆಯ ಗಾರೆಯ ಬಿರುಕು, ಇವೆಲ್ಲ ಬೇಸಗೆಯಲ್ಲಿ ಕಾಣದ ಓರೆ ಬೆಳಕನ್ನು ಚಳಿಗಾಲದಲ್ಲಿ ದಿನವಿಡೀ ಪಡೆಯುತ್ತವೆ.

ಎರಡನೆಯ ಕಾರಣ ಗಾಳಿಯದು. ಸೂರ್ಯ ದಿಗಂತದಿಂದ 5 ಡಿಗ್ರಿ ಮೇಲಿರುವಾಗ ಅವನ ಕಿರಣ ನೆತ್ತಿಯ ಮೇಲಿರುವಾಗಿನದಕ್ಕಿಂತ ಸುಮಾರು ಹತ್ತರಷ್ಟು ಗಾಳಿಯನ್ನು ಹಾದು ಬರಬೇಕು. ದಾರಿಯಲ್ಲಿ ನೀಲಿ ಬೆಳಕು ಚದರಿಹೋಗಿ, ಹಳದಿ ಕೆಂಪು ಉಳಿದು ನಮ್ಮ ಬೀದಿಗೆ ತಲುಪುತ್ತವೆ. ಜೊತೆಗೆ, ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ ಅದರಲ್ಲಿನ ತೇವ ಸಣ್ಣ ಹನಿಗಳಾಗುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ಈ ಮಂಜು ತಗ್ಗಿಗೆ ಹರಿದು ಅಲ್ಲಿಯೇ ನಿಲ್ಲುತ್ತದೆ. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತು ಕೆರೆಯ ಕಡೆ ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಕೋಟ್ಯಂತರ ವರ್ಷಗಳಷ್ಟು ಹಳೆಯದಾದ ಆ ಬಂಡೆ ಒಣಗಿ ಸ್ಪಷ್ಟವಾಗಿರುವಾಗ ಕೆಳಗಿನ ನೀರಿನ ಮೇಲೆ ಬಿಳಿಯ ಹಚ್ಚಡ ಹಾಸಿರುತ್ತದೆ. ಬೆಂಗಳೂರಿನ ಚಳಿ ಮಡಿಕೇರಿಯ ಚಳಿಯಲ್ಲ. ದಾಖಲೆಯಾದ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರಂದು 7.8 ಡಿಗ್ರಿ ಸೆಲ್ಸಿಯಸ್. ಆದರೂ ಒಂದು ಮಫ್ಲರು, ಒಂದು ಲೋಟ ಬಿಸಿ ಕಾಫಿ ಕೇಳುವಷ್ಟು ಚಳಿ ಇದೆ. ಚಿತ್ರಕ್ಕೆ ಅಷ್ಟು ಸಾಕು.

ಈ ಬೆಳಕು ದೊಡ್ಡ ವಸ್ತುಗಳಿಗಿಂತ ಸಣ್ಣ ವಸ್ತುಗಳಿಗೇ ಹೆಚ್ಚು ಉಪಕಾರ ಮಾಡುವುದನ್ನು ನಾನು ಕಂಡಿದ್ದೇನೆ. ಧನುರ್ಮಾಸದ ಬೆಳಗ್ಗೆ ಬಾಗಿಲ ಮುಂದಿನ ರಂಗವಲ್ಲಿಯನ್ನು ನೋಡಿ. ಬೇಸಗೆಯ ಬಿಸಿಲಿನಲ್ಲಿ ಅದು ಬರಿಯ ಬಿಳಿಯ ಗೆರೆ. ಚಳಿಗಾಲದಲ್ಲಿ ಏಳು ಗಂಟೆಯ ಓರೆ ಬಿಸಿಲು ಬಿದ್ದಾಗ ಪುಡಿಯ ಒಂದೊಂದು ಕಣಕ್ಕೂ ನೆರಳು ಮೂಡಿ, ಗೆರೆ ನೆಲದಿಂದ ಎದ್ದು ನಿಲ್ಲುತ್ತದೆ. ಎಳೆದವರ ಬೆರಳು ಎಲ್ಲಿ ತಡೆಯಿತು, ಎಲ್ಲಿ ತಿರುಗಿತು ಎಂಬುದೂ ಕಾಣುತ್ತದೆ. ದರ್ಶಿನಿಯ ಮುಂದೆ ನಿಂತವರ ಕಾಫಿಯ ಹಬೆಯೂ ಹಾಗೆಯೇ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ತೆಗೆದರೆ ಹಬೆ ಚಿತ್ರದಲ್ಲಿ ಮೂಡುವುದೇ ಇಲ್ಲ. ಸೂರ್ಯ ಲೋಟದ ಹಿಂದಿರಬೇಕು, ಅದರ ಹಿಂದೆ ಕತ್ತಲೆಯ ಬಾಗಿಲೋ ನೆರಳಿನ ಗೋಡೆಯೋ ಇರಬೇಕು. ಆಗ ಹಬೆ ತಾನೇ ಬೆಳಗುತ್ತದೆ. ಪತ್ರಿಕೆಗಳನ್ನು ಫುಟ್‌ಪಾತಿನ ಮೇಲೆ ಹರಡಿ ವಿಂಗಡಿಸುವ ಹುಡುಗರು, ಕಸಗುಡಿಸುವ ಪೌರಕಾರ್ಮಿಕರ ಪೊರಕೆಯಿಂದೇಳುವ ಧೂಳು, ಮಂಕಿ ಕ್ಯಾಪಿನೊಳಗೆ ಮುಖ ಹುದುಗಿಸಿ ತೂಕಡಿಸುವ ಕಾವಲುಗಾರ, ಇವರೆಲ್ಲರೂ ವರ್ಷವಿಡೀ ಅಲ್ಲಿಯೇ ಇರುವವರು. ಚಳಿಗಾಲದ ಬೆಳಕು ಅವರ ಕಡೆಗೆ ನಮ್ಮ ಮುಖವನ್ನು ತಿರುಗಿಸುತ್ತದೆ.

ಕೃಷ್ಣರಾಜ ಮಾರುಕಟ್ಟೆಯ ಹೂವಿನ ಮಂಡಿಯನ್ನು ಕುರಿತು ಪ್ರತ್ಯೇಕವಾಗಿ ಹೇಳಬೇಕು. 1928ರಲ್ಲಿ ಸ್ಥಾಪಿತವಾದ ಈ ಮಾರುಕಟ್ಟೆಯಲ್ಲಿ ವ್ಯಾಪಾರ ಇನ್ನೂ ಕತ್ತಲಿರುವಾಗಲೇ ಆರಂಭವಾಗುತ್ತದೆ. ಮೇಲಂತಸ್ತಿನಿಂದ ಕೆಳಗೆ ನೋಡಿದರೆ ಸೇವಂತಿಗೆ, ಚೆಂಡುಹೂ, ಕನಕಾಂಬರಗಳ ರಾಶಿಗಳ ನಡುವೆ ಜನ ಈಜುತ್ತಿರುವಂತೆ ತೋರುತ್ತದೆ. ಹೆಚ್ಚಿನವರು ತೆಗೆಯುವುದು ಈ ಚಿತ್ರವನ್ನೇ. ಅದು ಚೆನ್ನಾಗಿಯೇ ಇರುತ್ತದೆ; ಆದರೆ ಅಲ್ಲಿ ಹೂವು ಕಾಣುತ್ತದೆ, ಹೂವು ಮಾರುವವರು ಕಾಣುವುದಿಲ್ಲ. ಕೆಳಗಿಳಿದು ನಾಲ್ಕು ಮಾತಾಡಿದರೆ ಬೇರೆ ಚಿತ್ರ ಸಿಗುತ್ತದೆ. ಒಮ್ಮೆ ಮಾಲೆ ಕಟ್ಟುತ್ತಿದ್ದ ಒಬ್ಬ ವೃದ್ಧೆಯನ್ನು, “ಅಜ್ಜೀ, ಒಂದು ಫೋಟೋ ಹಿಡೀಲಾ?” ಎಂದು ಕೇಳಿದೆ.

“ನನ್ನ ಮುಖ ಯಾಕಪ್ಪ? ಹೂ ಹಿಡ್ಕೊ, ಚೆನ್ನಾಗಿರ್ತವೆ.”

“ಹೂ ಎಲ್ಲ ಕಡೆ ಸಿಗುತ್ತೆ ಅಜ್ಜಿ. ಈ ಗಂಟು ಹಾಕೋ ಕೈ ಬೇಕು.”

ಅವರು ನಕ್ಕು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಟ್ಟುವುದನ್ನು ಮುಂದುವರಿಸಿದರು. ಬಾಳೆನಾರಿನ ಎಳೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸುತ್ತಿ ಎಳೆಯುವ ಆ ಕ್ರಮವನ್ನು ನನಗೆ ಮೂರು ಸಲ ನಿಧಾನವಾಗಿ ಮಾಡಿ ತೋರಿಸಿದರು. ಮುಂದಿನ ವಾರ ಆ ಚಿತ್ರದ ಒಂದು ಪ್ರತಿಯನ್ನು ಅಚ್ಚು ಹಾಕಿಸಿ ಅವರಿಗೆ ಕೊಟ್ಟೆ. ಅದನ್ನು ಪಕ್ಕದ ಅಂಗಡಿಯವರಿಗೆಲ್ಲ ತೋರಿಸಿ ಬಂದರು. ಕೇಳಿ ತೆಗೆಯುವುದು, ತೆಗೆದದ್ದನ್ನು ತೋರಿಸುವುದು, ಬೇಡವೆಂದವರಿಗೆ ಕೈಮುಗಿದು ಮುಂದೆ ಹೋಗುವುದು, ಈ ಮೂರನ್ನು ನಾನು ಛಾಯಾಗ್ರಾಹಕನ ಶಿಷ್ಟಾಚಾರವೆಂದು ತಿಳಿದಿದ್ದೇನೆ. ಬಡತನವನ್ನೂ ನಿದ್ದೆಯನ್ನೂ ಕದ್ದು ಹಿಡಿಯುವುದು ಕಲೆಯಲ್ಲ. ತೂಕಡಿಸುವ ಕಾವಲುಗಾರನ ಚಿತ್ರವನ್ನು ನಾನು ತೆಗೆದಿಲ್ಲ. ಅದನ್ನು ನೋಡಿದವರು ಅವನ ಕೆಲಸಕ್ಕೆ ಕುತ್ತು ತಂದಾರು.

ಊರಿನ ಗಿಡಮರಗಳೂ ತಿಂಡಿತೀರ್ಥಗಳೂ ಋತುವಿನ ಪಂಚಾಂಗವೇ ಆಗಿವೆ. ನವೆಂಬರಿನಲ್ಲಿ ಆಕಾಶಮಲ್ಲಿಗೆ ರಾತ್ರಿಯೆಲ್ಲ ಉದುರಿ ಬೆಳಗ್ಗೆ ರಸ್ತೆಯನ್ನು ಬೆಳ್ಳಗೆ ಮಾಡಿರುತ್ತದೆ. ಕಸಪೊರಕೆ ಬರುವ ಮೊದಲು ಅಲ್ಲಿರಬೇಕು. ಅದರ ಬೆನ್ನಿಗೇ ದಕ್ಷಿಣ ಅಮೆರಿಕದ ಕಡೆಯಿಂದ ಬಂದು ನಮ್ಮದೇ ಆಗಿಹೋದ ಟಬೆಬುಯಾ ಗುಲಾಬಿ ಬಣ್ಣದಲ್ಲಿ ಅರಳುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಡಿಸೆಂಬರ್ ಜನವರಿಗಳಲ್ಲಿ ಸೊಗಡಿನ ಅವರೆಕಾಯಿಯ ಮೂಟೆಗಳು ಬೀದಿ ಬೀದಿಗೂ ಬರುತ್ತವೆ; ಮನೆಮನೆಯ ಮೆಟ್ಟಿಲ ಮೇಲೆ ಹೆಂಗಸರು ಮಕ್ಕಳು ಕುಳಿತು ಕಾಳು ಬಿಡಿಸಿ, ನೆನೆಸಿ, ಹಿತುಕುವ ಕಾರ್ಯ ನಡೆಯುತ್ತದೆ. ಪರಿಷೆಯಲ್ಲಿ ದೀಪ ಹತ್ತುವ ಹೊತ್ತು ಶ್ರೇಷ್ಠವಾದುದು. ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುತ್ತದೆ, ರಾಶಿಗಳ ಮೇಲಿನ ಬಲ್ಬುಗಳು ಹಳದಿಯಾಗಿ ಉರಿಯುತ್ತವೆ, ಸೇರಿನಿಂದ ಸುರಿಯುವ ಕಾಯಿ ಆ ಎರಡು ಬೆಳಕಿನ ನಡುವೆ ಕ್ಷಣಕಾಲ ನಿಲ್ಲುತ್ತದೆ. ಈ ಸಮಯ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಇರುವುದಿಲ್ಲ.

ಚಳಿಗಾಲದ ಬೆಳಕಿಗೂ ನಮ್ಮ ಊರಿಗೂ ಇರುವ ನಂಟಿನ ಒಂದು ಹಳೆಯ ಸಾಕ್ಷಿ ಗವಿಪುರದ ಗಂಗಾಧರೇಶ್ವರನ ಗುಹಾದೇವಾಲಯ. ಮಕರ ಸಂಕ್ರಾಂತಿಯ ಸಂಜೆ ಇಳಿಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ಕಾಣಲು ಸಾವಿರಾರು ಜನ ಸೇರುತ್ತಾರೆ. ನವೆಂಬರಿನ ಕೊನೆಯಲ್ಲಿಯೂ ಬಿಸಿಲು ಹೀಗೆಯೇ ಒಳಬರುತ್ತದೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕಾರಣ ಸರಳ: ದಕ್ಷಿಣಕ್ಕೆ ಸರಿಯುವ ಸೂರ್ಯ ಡಿಸೆಂಬರ್ 21ಕ್ಕೆ ಸುಮಾರು ಮೂರು ವಾರ ಮೊದಲು ಯಾವ ಸ್ಥಾನದಲ್ಲಿ ಇರುವನೋ, ಹಿಂದಿರುಗುವಾಗ ಅದಾದ ಸುಮಾರು ಮೂರು ವಾರಕ್ಕೆ ಮತ್ತೆ ಅದೇ ಸ್ಥಾನಕ್ಕೆ ಬರುತ್ತಾನೆ. ಛಾಯಾಗ್ರಾಹಕನಿಗೆ ಇದರಲ್ಲಿ ಒಂದು ಪಾಠವಿದೆ. ಡಿಸೆಂಬರಿನ ಮೊದಲಲ್ಲಿ ಒಂದು ಗಲ್ಲಿಯಲ್ಲಿ ಸೊಗಸಾದ ಬೆಳಕನ್ನು ಕಂಡು ಕೈಲಿ ಕ್ಯಾಮರಾ ಇಲ್ಲದಿದ್ದರೆ ಕೊರಗಬೇಕಾಗಿಲ್ಲ. ಜನವರಿಯಲ್ಲಿ ಅದು ಮರಳಿ ಬರುತ್ತದೆ.

ಇದೇ ದೇವಾಲಯದಿಂದ ಇನ್ನೊಂದು ಪಾಠವೂ ಉಂಟು. ಅದು ಇತಿಹಾಸಕ್ಕೆ ಸೇರಿದ್ದು. 1792ರ ಸುಮಾರಿನಲ್ಲಿ ಇಂಗ್ಲೆಂಡಿನ ಥಾಮಸ್ ಡೇನಿಯಲ್ ಎಂಬ ಚಿತ್ರಕಾರನೂ ಅವನ ಸಹೋದರನ ಮಗ ವಿಲಿಯಂ ಎಂಬವನೂ ಬೆಂಗಳೂರಿಗೆ ಬಂದು ಈ ಗುಡಿಯನ್ನು ಚಿತ್ರಿಸಿದರು. ಎರಡು ಶತಮಾನಗಳ ಮೇಲೆ ವಿದ್ವಾಂಸರು ಆ ಚಿತ್ರಗಳನ್ನು ಇಂದಿನ ಕಟ್ಟಡದೊಡನೆ ಹೋಲಿಸಿ, ಆವರಣದಲ್ಲಿ ಆಮೇಲೆ ಸೇರಿದ ಭಾಗಗಳಾವುವು, ಬಿಸಿಲು ಒಳಬರುವ ಕ್ರಮ ಅದರಿಂದ ಹೇಗೆ ಬದಲಾಗಿರಬಹುದು ಎಂದು ವಿಚಾರ ಮಾಡಿದರು. ಚಿತ್ರ ಬರೆದವರಿಗೆ ಅದು ಒಂದು ನೋಟ ಮಾತ್ರವಾಗಿತ್ತು. ನಮಗೆ ಅದು ದಾಖಲೆಯಾಯಿತು.

ಛಾಯಾಚಿತ್ರದ ಚರಿತ್ರೆಯಲ್ಲಿಯೂ ಇದೇ ಮಾತು ಕಂಡುಬರುತ್ತದೆ. 1838ರಲ್ಲಿ ಡಾಗೆರ್ ಎಂಬಾತ ಪ್ಯಾರಿಸ್ಸಿನ ಒಂದು ಹೆದ್ದಾರಿಯ ಚಿತ್ರ ತೆಗೆದ. ಫಲಕಕ್ಕೆ ಕೆಲವು ನಿಮಿಷಗಳ ಕಾಲ ಬೆಳಕು ತಾಗಬೇಕಾಗಿದ್ದರಿಂದ ಓಡಾಡುವ ಗಾಡಿಗಳೂ ಜನರೂ ಮೂಡಲೇ ಇಲ್ಲ. ಬೂಟು ಪಾಲಿಷ್ ಮಾಡಿಸಿಕೊಳ್ಳಲು ಸುಮ್ಮನೆ ನಿಂತಿದ್ದ ಒಬ್ಬ ಮನುಷ್ಯ ಮಾತ್ರ ಉಳಿದ. ಛಾಯಾಚಿತ್ರಕ್ಕೆ ಸಿಕ್ಕ ಮೊಟ್ಟಮೊದಲ ಮನುಷ್ಯರಲ್ಲಿ ಒಬ್ಬನೆಂದು ಅವನನ್ನು ಎಣಿಸುತ್ತಾರೆ. ಅವನು ರಾಜನಲ್ಲ, ಸೇನಾಪತಿಯಲ್ಲ. ಅದೇ ಪ್ಯಾರಿಸ್ಸಿನಲ್ಲಿ ಅಟ್ಜೆ ಎಂಬಾತ 1927ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತು ವರ್ಷ ಹಳೆಯ ಅಂಗಡಿಗಳ, ಬಾಗಿಲುಗಳ, ಬೀದಿ ವ್ಯಾಪಾರಿಗಳ ಚಿತ್ರಗಳನ್ನು ತೆಗೆದ. ಕೆಡವಲ್ಪಟ್ಟ ಆ ಹಳೆಯ ನಗರ ಇಂದು ಅವನ ಚಿತ್ರಗಳಲ್ಲಿ ಬದುಕಿದೆ. ನಮ್ಮವರಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಹೆಸರನ್ನು ಗೌರವದಿಂದ ನೆನೆಯಬೇಕು. ದೇಶವಿದೇಶಗಳ ಪತ್ರಿಕೆಗಳಿಗೆ ಕೆಲಸ ಮಾಡಿ, 1977ರಲ್ಲಿ ಪದ್ಮಶ್ರೀ ಪಡೆದ ಅವರ ಕ್ಯಾಮರಾ ಸಾಮಾನ್ಯ ಜನರ ನಗು, ದುಡಿಮೆ, ಮಕ್ಕಳ ಆಟಗಳ ಕಡೆಗೇ ಮತ್ತೆ ಮತ್ತೆ ತಿರುಗಿತು.

ಈ ಮಾತು ನನ್ನ ಮನಸ್ಸಿಗೆ ನಾಟಿದ್ದು ಪುಸ್ತಕದಿಂದಲ್ಲ. ನಮ್ಮ ತಾತ ಅವೆನ್ಯೂ ರಸ್ತೆಗೆ ಸೇರುವ ಒಂದು ಗಲ್ಲಿಯಲ್ಲಿ ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ ನಡೆಸಿದರು. ಅಂಗಡಿ ಇದ್ದ ಕಟ್ಟಡ ಕೈ ಬದಲಾಗಿ, ಕೆಡವಿ, ಅಲ್ಲಿ ಹೊಸದು ಎದ್ದಿತು. ನಮ್ಮ ಮನೆಯಲ್ಲಿ ಮದುವೆ ಮುಂಜಿಗಳ ಆಲ್ಬಂ ಆರು ಇವೆ. ತಾತ ಅವುಗಳಲ್ಲೆಲ್ಲ ಜರತಾರಿ ಪೇಟ ಕಟ್ಟಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದಾರೆ. ಸರಿ ಹಾಕಿದ ಕನ್ನಡಕ, ಮೊಣಕೈವರೆಗೆ ಅಂಟಿನ ಕಲೆ, ಹಿಂದೆ ಸೂಜಿದಾರ, ಮುಂದೆ ಕಲ್ಲಿನ ಭಾರ ಇಟ್ಟ ಪುಸ್ತಕದ ಕಟ್ಟು, ಹೀಗೆ ಅವರು ದಿನಕ್ಕೆ ಹತ್ತು ಗಂಟೆ ಕುಳಿತ ಆ ಅಂಗಡಿಯ ಚಿತ್ರ ಒಂದೂ ಇಲ್ಲ. ಈಗ ಅಜ್ಜಿಗೆ ನೆನಪು ಮಸುಕಾಗುತ್ತಿದೆ. “ಬಾಗಿಲು ಹಸಿರು ಬಣ್ಣದ್ದೋ ನೀಲಿಯದೋ, ಹೇಳೋ ಮಗು” ಎಂದು ನನ್ನನ್ನೇ ಕೇಳುತ್ತಾರೆ. ನಾನು ಅದನ್ನು ಕಂಡಿಲ್ಲ. ಹೇಳಬಲ್ಲವರೂ ಯಾರೂ ಉಳಿದಿಲ್ಲ.

ನಮ್ಮ ಮನೆಗೆ ಆದದ್ದು ಊರಿಗೂ ಆಗುತ್ತಿದೆ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯಿತು. 2011ರಲ್ಲಿ ಅದೇ ರಸ್ತೆಯ ಮೇಲೆ ಮೆಟ್ರೋ ರೈಲು ಓಡಿತು. 1968ರಲ್ಲಿ ತೆರೆದ ಕಪಾಲಿ ಚಿತ್ರಮಂದಿರ ಈಗಿಲ್ಲ. ಊರು ಬೆಳೆಯಬಾರದೆಂದು ನಾನು ಹೇಳುತ್ತಿಲ್ಲ; ಮೆಟ್ರೋದಲ್ಲಿಯೇ ನಾನೂ ಕಾಲೇಜಿಗೆ ಬರುವವನು. ವಿಧಾನಸೌಧಕ್ಕೆ, ಲಾಲ್‌ಬಾಗಿನ ಗಾಜಿನ ಮನೆಗೆ ಚಿತ್ರಗಳ ಬರವಿಲ್ಲ. ಮೊದಲು ಮರೆಯಾಗುವುದು ಬೈಂಡಿಂಗ್ ಅಂಗಡಿ, ಇಸ್ತ್ರಿ ಗಾಡಿ, ಕೊಡೆ ರಿಪೇರಿಯವನ ಮೂಲೆ, ಕೆಂಪು ಹಂಚಿನ ಮನೆಯ ಕಲ್ಲಿನ ಜಗುಲಿ. ನಾಳೆಯೂ ಇರುತ್ತದೆಂದುಕೊಂಡೇ ಅವನ್ನು ಯಾರೂ ಚಿತ್ರ ತೆಗೆಯುವುದಿಲ್ಲ.

ಇನ್ನು ಅಭ್ಯಾಸದ ಮಾತು. ಹೊಸದಾಗಿ ಆರಂಭಿಸುವ ಮಿತ್ರರಿಗೆ ಅನುಭವದಿಂದ ಕೆಲವು ಸೂಚನೆಗಳನ್ನು ಕೊಡಬಹುದೆಂದು ತೋರುತ್ತದೆ.

ಒಂದು: ಒಂದೇ ಬೀದಿಯನ್ನು ಆರಿಸಿಕೊಂಡು ಏಳು ದಿನ ಅದೇ ಹೊತ್ತಿಗೆ ಹೋಗಿ. ಮೊದಲ ದಿನ ಕಟ್ಟಡಗಳು ಕಾಣುತ್ತವೆ, ಮೂರನೆಯ ದಿನ ಜನರು ಕಾಣುತ್ತಾರೆ, ಏಳನೆಯ ದಿನದ ವೇಳೆಗೆ ಯಾವ ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆಂದು ತಿಳಿದು ನೀವು ಮೊದಲೇ ಹೋಗಿ ಕಾಯುತ್ತೀರಿ. ಸ್ಫೂರ್ತಿಯೆಂಬುದು ನನಗೆ ಸಿಕ್ಕಿರುವುದು ಈ ಕಾಯುವಿಕೆಯಲ್ಲಿ.

ಎರಡು: ಫಿಲಂ ಸುರುಳಿಯಲ್ಲಿ 36 ಚಿತ್ರಗಳಷ್ಟೇ ಇರುತ್ತವೆ. ಫೋನಿನಲ್ಲಿಯೂ ವಾರಕ್ಕೆ 36 ಎಂದು ಮಿತಿ ಹಾಕಿಕೊಳ್ಳಿ. ಎಣಿಸಿ ಖರ್ಚು ಮಾಡುವವನು ನೋಡಿ ಖರ್ಚು ಮಾಡುತ್ತಾನೆ.

ಮೂರು: ಕ್ಯಾಮರಾ ಎಲ್ಲವನ್ನೂ ನಡು ಬೂದುಬಣ್ಣಕ್ಕೆ ತರಲು ಯತ್ನಿಸುತ್ತದೆ. ಆದ್ದರಿಂದ ಮಂಜಿನ ಚಿತ್ರ ಕೊಳಕಾಗಿ ಬರುತ್ತದೆ. ಅಲ್ಲಿ ಬೆಳಕನ್ನು ಸ್ವಲ್ಪ ಹೆಚ್ಚಿಸಬೇಕು. ಎದುರು ಬಿಸಿಲಿನಲ್ಲಿ, ಪರದೆಯ ಮೇಲೆ ಹೊಳೆಯುವ ಭಾಗವನ್ನು ಬೆರಳಿನಿಂದ ಮುಟ್ಟಿ ಬೆಳಕನ್ನು ತಗ್ಗಿಸಬೇಕು. ಫಿಲಂ ಉಳ್ಳವರಿಗೆ ಹಳೆಯ ಸೂತ್ರ ಸಾಕು: ಒಳ್ಳೆಯ ಬಿಸಿಲಿನಲ್ಲಿ ಎಫ್ 16, ಫಿಲಮಿನ ವೇಗ 100 ಆದರೆ ಒಂದು ಸೆಕೆಂಡಿನ ನೂರರಲ್ಲೊಂದು ಭಾಗದ ಸಮೀಪದ ಶಟರ್ ವೇಗ. ಮುಂಜಾನೆ ಅದಕ್ಕಿಂತ ಹೆಚ್ಚು ತೆರೆಯಬೇಕಾಗುತ್ತದೆ. ಇಬ್ಬನಿಯಲ್ಲಿ ಹೊರಟಾಗ ಮಸೂರವನ್ನು ಒರೆಸಿಕೊಳ್ಳುವುದನ್ನು ಮರೆಯಬಾರದು.

ನಾಲ್ಕು: ವಸ್ತುವನ್ನು ಹತ್ತಿರ ತರುವುದಕ್ಕೆ ಫೋನಿನ ಜೂಮಿಗಿಂತ ಕಾಲುಗಳು ಮೇಲು. ಹತ್ತಿರ ಹೋದರೆ ಮಾತಾಡಬೇಕಾಗುತ್ತದೆ. ಮಾತಾಡಿದರೆ ಹೆಸರು, ಕಸುಬು, ಊರು ತಿಳಿಯುತ್ತವೆ.

ಐದು, ಎಲ್ಲಕ್ಕಿಂತ ಮುಖ್ಯವಾದುದು: ದಿನಾಂಕ, ಸ್ಥಳ, ಕಸುಬು ಇವನ್ನು ಅಂದೇ ಬರೆದಿಡಿ. ಈಗ ಎಲ್ಲರೂ ಲೆಕ್ಕವಿಲ್ಲದಷ್ಟು ಚಿತ್ರ ತೆಗೆಯುವ ಕಾಲ, ಇನ್ನಷ್ಟು ಏಕೆ ಎಂದು ನಮ್ಮ ಅಧ್ಯಾಪಕರೊಬ್ಬರು ನನ್ನನ್ನು ಕೇಳಿದ್ದರು. ಅವರ ಪ್ರಶ್ನೆ ನ್ಯಾಯವಾದುದೇ. ಫೋನು ಕೆಟ್ಟರೆ ಚಿತ್ರ ಹೋಗುತ್ತದೆ. ಉಳಿದರೂ ಯಾವ ಊರು, ಯಾರು ಎಂಬ ಟಿಪ್ಪಣಿಯಿಲ್ಲದೆ ಐವತ್ತು ವರ್ಷದ ಮೇಲೆ ಅದು ಮೂಕ. ಒಂದು ಸಾಲಿನ ಬರಹ ಅದಕ್ಕೆ ಬಾಯಿ ಕೊಡುತ್ತದೆ.

ಕಡೆಯದಾಗಿ ಒಂದು ಬಿನ್ನಹ. ನಮ್ಮ ಕಾಲೇಜಿಗೆ ಊರಿನ ಎಲ್ಲ ದಿಕ್ಕುಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಪ್ರತಿಯೊಬ್ಬರೂ ಈ ಚಳಿಗಾಲದಲ್ಲಿ ತಮ್ಮ ಬೀದಿಯ ಹನ್ನೆರಡು ಚಿತ್ರಗಳನ್ನು ತೆಗೆದು, ಕೆಳಗೆ ಒಂದೊಂದು ಸಾಲು ಬರೆದು, ಅಚ್ಚು ಹಾಕಿಸಿ ಗ್ರಂಥಾಲಯಕ್ಕೆ ಕೊಟ್ಟರೆ, ಒಂದೇ ವರ್ಷದಲ್ಲಿ ನಮ್ಮ ಊರಿನ ನೂರಾರು ಬೀದಿಗಳ ಆಲ್ಬಂ ಸಿದ್ಧವಾಗುತ್ತದೆ. ಇತಿಹಾಸ ವಿಭಾಗದ ಅಧ್ಯಾಪಕರು ಇದಕ್ಕೆ ಮಾರ್ಗದರ್ಶನ ಮಾಡಬೇಕೆಂದು ಪ್ರಾರ್ಥಿಸುತ್ತೇನೆ. ಜನವರಿಯ ಕೊನೆಯವರೆಗೂ ಸೂರ್ಯೋದಯ ತಡವಾಗಿಯೇ ಆಗುವುದರಿಂದ ಬೆಳಗಿನ ನಿದ್ದೆಗೂ ಹೆಚ್ಚು ಭಂಗವಿಲ್ಲ. ಆರೂವರೆಗೆ ಮನೆ ಬಿಟ್ಟರೆ ಸಾಕು. ಬೀದಿಯಲ್ಲಿ ಬಣ್ಣದ ಬಾಗಿಲೊಂದು ಕಂಡರೆ ಅದರ ಬಣ್ಣವನ್ನೂ ಬರೆದುಕೊಳ್ಳಿ.